ಪಕ್ಷವೂ ಪಕ್ಷವಾತವೂ

ಕನ್ನಡದಲ್ಲಿ ‘ಪಕ್ಷ’ ಎಂಬ ಪದಕ್ಕಿರುವ ಅರ್ಥಗಳು ಹಲವು. ಹುಣ್ಣಿಮೆಯಿಂದ ಅಮಾವಾಸ್ಯೆಯವರೆಗಿನ ದಿನಗಳು ಒಂದು ಪಕ್ಷ; ಹಕ್ಕಿಯ ರೆಕ್ಕೆ ಒಂದು ಪಕ್ಷ; ಚುನಾವಣೆಯ ಕಾಲದಲ್ಲಿ ಬಾವುಟ ಹಿಡಿದು ಬೀದಿಗಿಳಿಯುವುದೂ ಒಂದು ಪಕ್ಷ. ಈ ಎಲ್ಲ ಅರ್ಥಗಳ ಹಿಂದೆಯೂ ಸಮಾನವಾದ ಒಂದು ಭಾವವುಂಟು: ಪಕ್ಷವೆಂದರೆ ಪೂರ್ಣವಲ್ಲ, ಅರ್ಧ. ಒಂದೇ ಪಕ್ಷದಿಂದ ತಿಂಗಳು ತುಂಬದು; ಒಂದೇ ರೆಕ್ಕೆಯಿಂದ ಹಕ್ಕಿ ಹಾರದು. ಈ ಅರ್ಧತ್ವವೇ ದೇಹಕ್ಕೆ ಅಂಟಿದಾಗ ಅದಕ್ಕೆ ಪಕ್ಷವಾತವೆಂದು ಹೆಸರು.

ಆ ರೋಗದಲ್ಲಿ ವಿಚಿತ್ರವಾದ ಲಕ್ಷಣವೊಂದನ್ನು ವೈದ್ಯರು ಗುರುತಿಸಿದ್ದಾರೆ. ಮಿದುಳಿನ ಬಲಭಾಗಕ್ಕೆ ಪೆಟ್ಟು ತಗುಲಿದ ಕೆಲವು ರೋಗಿಗಳು ತಮ್ಮ ಎಡಗೈಯನ್ನು ತಮ್ಮದೆಂದೇ ಒಪ್ಪುವುದಿಲ್ಲ. ಹಾಸಿಗೆಯ ಮೇಲೆ ನಿಶ್ಚಲವಾಗಿ ಬಿದ್ದಿರುವ ಆ ಕೈಯನ್ನು ತೋರಿಸಿ “ಇದು ಯಾರದು?” ಎಂದು ಕೇಳಿದರೆ, ಇನ್ನಾರದೋ ಇರಬೇಕೆಂದು ಶಾಂತವಾಗಿ ಉತ್ತರಿಸುತ್ತಾರೆ. ಇಂಥ ರೋಗ ಮನುಷ್ಯರಿಗೆ ಬರುವಂತೆಯೇ ಸಮಾಜಗಳಿಗೂ ಬರುವುದುಂಟು. ರೋಗಿಗಳ ಚಿಕಿತ್ಸೆಯ ಪ್ರಶ್ನೆಯೇ ಅಂಥ ರೋಗಕ್ಕೆ ನೆಪವಾದದ್ದನ್ನು ಮಾತ್ರ ವಿಧಿಯ ವಿನೋದವೆನ್ನಬೇಕು. ಜ್ವರ ಪಕ್ಷ ನೋಡಿ ಬರುವುದಿಲ್ಲ. ಹೆರಿಗೆಯ ನೋವು ಮತಪತ್ರ ಎಣಿಸಿ ಏಳುವುದಿಲ್ಲ. ಅಂದಮೇಲೆ ಬೇರೆ ಯಾವುದಕ್ಕೆ ಜನ ಜಗಳವಾಡಿದರೂ ಕಾಯಿಲೆಯ ವಿಷಯದಲ್ಲಿ ಒಂದಾಗಿಯಾರು ಎಂದು ಯಾರಿಗೂ ತೋರಬಹುದು. ಆದರೆ ನಡೆದ ಚರಿತ್ರೆ ಬೇರೆಯ ಕಥೆಯನ್ನೇ ಹೇಳುತ್ತದೆ.

ಕೆನಡ ದೇಶದ ಪಶ್ಚಿಮದಲ್ಲಿ ಸಸ್ಕಾಚೆವಾನ್ ಎಂಬ ಪ್ರಾಂತವಿದೆ. ಅದರ ದಕ್ಷಿಣ ಭಾಗವೆಲ್ಲ ಬಯಲು. ಗೋದಿಯ ಹೊಲ, ಮೇಲೆ ಆಕಾಶ, ನಡುವೆ ಎಲ್ಲೋ ಒಂದು ಧಾನ್ಯದ ಕಣಜ — ಹೀಗೆ ಮೂರು ಗೆರೆಗಳಲ್ಲಿ ಅದರ ಚಿತ್ರವನ್ನು ಬರೆದು ಮುಗಿಸಬಹುದು. 1961ರಲ್ಲಿ ಇಡೀ ಪ್ರಾಂತದಲ್ಲಿದ್ದ ಜನ ಒಂಬತ್ತು ಲಕ್ಷಕ್ಕೆ ತುಸು ಹೆಚ್ಚು. ಮನೆಯಿಂದ ಮನೆಗೆ ಮೈಲಿಗಳ ಅಂತರ. ಚಳಿಗಾಲದಲ್ಲಿ ಹಿಮ ಬಿದ್ದರೆ ದಾರಿಯೇ ಅಳಿಸಿಹೋಗುತ್ತಿತ್ತು. ಬೆಳೆ ಕೈಕೊಟ್ಟ ವರ್ಷ ರೈತನ ಬಳಿ ವೈದ್ಯನಿಗೆ ಕೊಡಲು ಹಣವಿಲ್ಲ; ಹಣವಿಲ್ಲದ ಊರಿನಲ್ಲಿ ವೈದ್ಯ ನಿಲ್ಲುವ ಹಾಗಿಲ್ಲ. 1915ರ ಸುಮಾರಿನಲ್ಲಿ ಸಾರ್ನಿಯ ಎಂಬ ಗ್ರಾಮೀಣ ಪುರಸಭೆಯವರು, ಊರು ಬಿಟ್ಟು ಹೊರಡಲಿದ್ದ ತಮ್ಮ ವೈದ್ಯನನ್ನು ತೆರಿಗೆಯ ಹಣದಿಂದ ಸಂಬಳ ಕೊಟ್ಟು ಉಳಿಸಿಕೊಂಡರು. ಸಮಾಜವಾದದ ಗ್ರಂಥಗಳನ್ನು ಓದಿ ಅವರು ಈ ಕೆಲಸಕ್ಕೆ ಕೈಹಾಕಿದವರಲ್ಲ. ಕೂಸು ಹುಟ್ಟುವ ಹೊತ್ತಿಗೆ ವೈದ್ಯ ಊರಿನಲ್ಲಿರಬೇಕು ಎಂಬಷ್ಟೇ ಅವರಿಗೆ ತಿಳಿದಿದ್ದ ಸಿದ್ಧಾಂತ. ಅಕ್ಕಪಕ್ಕದ ಊರುಗಳವರೂ ಅದನ್ನೇ ಅನುಸರಿಸಿದರು.

ಸ್ಕಾಟ್ಲೆಂಡಿನಿಂದ ಕೆನಡಕ್ಕೆ ವಲಸೆ ಬಂದ ಬಡ ಕುಟುಂಬವೊಂದರ ಹುಡುಗ ಟಾಮಿ ಡಗ್ಲಾಸ್. ಅವನ ಮೊಣಕಾಲಿನ ಮೂಳೆಗೆ ಕೀವು ಹತ್ತಿ, ಕಾಲನ್ನೇ ಕತ್ತರಿಸಬೇಕೆಂದು ವಿನ್ನಿಪೆಗ್ ನಗರದ ಆಸ್ಪತ್ರೆಯಲ್ಲಿ ತೀರ್ಮಾನವಾಗಿತ್ತು. ಆಗ ಹೆಸರಾಂತ ಶಸ್ತ್ರವೈದ್ಯರೊಬ್ಬರು ಹುಡುಗನನ್ನು ನೋಡಿ, ತಮ್ಮ ವಿದ್ಯಾರ್ಥಿಗಳು ನೋಡಿ ಕಲಿಯಲು ತಂದೆತಾಯಿಗಳು ಒಪ್ಪುವುದಾದರೆ ಹಣವಿಲ್ಲದೆಯೇ ಚಿಕಿತ್ಸೆ ಮಾಡುವುದಾಗಿ ಹೇಳಿದರು. ಕಾಲು ಉಳಿಯಿತು. ಹಣವಿದ್ದವರ ಮಗನಿಗೆ ಹಕ್ಕಿನಿಂದ ಸಿಗುವ ಕಾಲು ತನಗೆ ಅದೃಷ್ಟದಿಂದ ಸಿಕ್ಕಿತೆಂಬ ಅರಿವು ಹುಡುಗನ ಮನಸ್ಸಿನಿಂದ ಕೊನೆಯವರೆಗೂ ಅಳಿಯಲಿಲ್ಲ. ಮುಂದೆ ಪಾದ್ರಿಯಾಗಿ, ಬಳಿಕ ರಾಜಕಾರಣಕ್ಕಿಳಿದು, 1944ರಲ್ಲಿ ಡಗ್ಲಾಸ್ ಸಸ್ಕಾಚೆವಾನಿನ ಪ್ರಧಾನಿಯಾದರು. ಪ್ರಾಂತದ ಮುಖ್ಯಮಂತ್ರಿಯನ್ನು ಅಲ್ಲಿ ಪ್ರಧಾನಿಯೆಂದೇ ಕರೆಯುವರು. ರೈತರೂ ಕಾರ್ಮಿಕರೂ ಕೂಡಿ ಕಟ್ಟಿದ ಸಿ.ಸಿ.ಎಫ್. ಎಂಬ ಸಮಾಜವಾದಿ ಪಕ್ಷ ಅವರದು.

1947ರ ಜನವರಿ 1ರಿಂದ ಪ್ರಾಂತದ ಜನರಿಗೆಲ್ಲ ಆಸ್ಪತ್ರೆಯ ಖರ್ಚಿಗೆ ಸರಕಾರಿ ವಿಮೆ ದೊರೆಯಿತು. ಅದಕ್ಕೆ ಯಾರೂ ಬೀದಿಗಿಳಿಯಲಿಲ್ಲ. ಆದರೆ ವೈದ್ಯರ ಶುಲ್ಕವನ್ನೂ ವಿಮೆಯೊಳಗೆ ತರುವೆವೆಂದು 1959ರಲ್ಲಿ ಡಗ್ಲಾಸ್ ಸಾರಿದಾಗ ಗಾಳಿ ತಿರುಗಿತು. 1960ರ ಚುನಾವಣೆ ಬಹುಮಟ್ಟಿಗೆ ಇದೊಂದೇ ಪ್ರಶ್ನೆಯ ಮೇಲೆ ನಡೆಯಿತು. ವೈದ್ಯರ ಸಂಸ್ಥೆ ತಾನೇ ಹಣ ಕೂಡಿಸಿ ಪ್ರಚಾರಕ್ಕೆ ಇಳಿಯಿತು. ಸಿ.ಸಿ.ಎಫ್. ಗೆದ್ದಿತು. 1961ರ ನವೆಂಬರಿನಲ್ಲಿ ಶಾಸನ ಅಂಗೀಕಾರವಾಯಿತು. ಅಷ್ಟರೊಳಗೆ ಡಗ್ಲಾಸ್ ಹೊಸ ರಾಷ್ಟ್ರೀಯ ಪಕ್ಷವೊಂದರ ನಾಯಕರಾಗಿ ಹೊರಟಿದ್ದರು. ಅವರ ಸ್ಥಾನಕ್ಕೆ ಬಂದ ವುಡ್ರೋ ಲಾಯ್ಡ್ ಮಿತಭಾಷಿ. ಹಿಂದೆ ಶಾಲೆಯ ಉಪಾಧ್ಯಾಯರಾಗಿದ್ದವರು. ಬಿತ್ತಿದವರು ಒಬ್ಬರು, ಬಿರುಗಾಳಿಗೆ ಎದೆಯೊಡ್ಡಿದವರು ಇನ್ನೊಬ್ಬರು.

ವೈದ್ಯರೆಲ್ಲ ಧನಲೋಭಿಗಳಾಗಿದ್ದರೆಂದು ಒಂದೇ ಮಾತಿನಲ್ಲಿ ತೀರ್ಪಿತ್ತರೆ ನ್ಯಾಯವಾಗದು. ಅವರಲ್ಲಿ ಅನೇಕರು ಬ್ರಿಟನ್ನಿನಲ್ಲಿ 1948ರಲ್ಲಿ ಪ್ರಾರಂಭವಾದ ಸರಕಾರಿ ವೈದ್ಯಸೇವೆ ಒಗ್ಗದೆ ಕಡಲು ದಾಟಿ ಬಂದಿದ್ದವರು. ಇಂದು ಹಣ ಕೊಡುವ ಸರಕಾರ ನಾಳೆ ಯಾವ ಔಷಧ ಕೊಡಬೇಕೆಂದೂ ಹೇಳೀತು, ರೋಗಿಯ ಗುಟ್ಟು ಗುಮಾಸ್ತನ ಮೇಜಿನ ಮೇಲೆ ಬಿದ್ದೀತು ಎಂಬುದು ಅವರ ಅಂಜಿಕೆ. ರೋಗಿಗೂ ವೈದ್ಯನಿಗೂ ನಡುವೆ ಮೂರನೆಯವನೊಬ್ಬ ಕುರ್ಚಿ ಹಾಕಿ ಕುಳಿತುಕೊಳ್ಳುವುದನ್ನು ಒಪ್ಪದವನನ್ನು ಕೆಟ್ಟವನೆಂದು ಹೇಗೆ ಹೇಳುವುದು? ಆದರೆ ಹಣವಿಲ್ಲದೆ ವೈದ್ಯನ ಬಾಗಿಲಿಗೇ ಬರಲಾರದೆ ಹೋದ ರೋಗಿಗೆ ಈ ಮೂರನೆಯವನೇ ದಾರಿ ಎಂಬುದೂ ಅಷ್ಟೇ ನಿಜವಾಗಿತ್ತು.

1962ರ ವಸಂತದಲ್ಲಿ ವಾದ ಮನೆಮನೆಯನ್ನೂ ಹೊಕ್ಕಿತು. ವೈದ್ಯರು ಪ್ರಾಂತವನ್ನೇ ಬಿಟ್ಟುಹೋದಾರೆಂಬ ಸುದ್ದಿ ಹರಡಿದೊಡನೆ, ರಜೈನ ನಗರದ ಕೆಲವು ತಾಯಂದಿರು ಸೇರಿ ‘ನಮ್ಮ ವೈದ್ಯರನ್ನು ಉಳಿಸಿಕೊಳ್ಳೋಣ’ ಎಂಬ ಅರ್ಥದ ಹೆಸರಿಟ್ಟು ಸಮಿತಿಯನ್ನು ಸ್ಥಾಪಿಸಿದರು. ಶಾಖೆಗಳು ಊರೂರಿಗೂ ಹಬ್ಬಿದವು. ಮನವಿಗಳಿಗೆ ಸಾವಿರಾರು ಸಹಿಗಳು ಬಿದ್ದವು. ಆ ತಾಯಂದಿರು ಕೇಳಿದ್ದು ಏನು? ಮಗುವಿಗೆ ಜ್ವರ ಬಂದಾಗ ಪರಿಚಯದ ವೈದ್ಯ ಬೇಕೆಂದು. ಎದುರುಬದಿಯ ತಾಯಂದಿರು ಕೇಳಿದ್ದು ಏನು? ಮಗುವಿಗೆ ಜ್ವರ ಬಂದಾಗ ವೈದ್ಯನನ್ನು ಕರೆಯಲು ಹಣದ ಲೆಕ್ಕ ಹಾಕುವಂತಾಗಬಾರದೆಂದು. ಎರಡು ಬೇಡಿಕೆಗಳೂ ಒಂದೇ ತೊಟ್ಟಿಲಿನ ಬಳಿ ಹುಟ್ಟಿದವು. ಆದರೆ ಬೀದಿಗೆ ಬಂದ ಮೇಲೆ ಒಂದರ ಕೈಗೆ ‘ಸ್ವಾತಂತ್ರ್ಯ’ ಎಂಬ ಫಲಕ ಬಂದಿತು. ಇನ್ನೊಂದರ ಕೈಗೆ ‘ಸಮಾನತೆ’ ಎಂಬ ಫಲಕ ಬಂದಿತು. ಆ ಬಳಿಕ ತೊಟ್ಟಿಲು ಯಾರ ಕಣ್ಣಿಗೂ ಕಾಣಲಿಲ್ಲ.

ಜುಲೈ 1ರಂದು ಶಾಸನ ಜಾರಿಗೆ ಬಂದಿತು. ಅದೇ ದಿನ ಪ್ರಾಂತದ ಸುಮಾರು 900 ವೈದ್ಯರಲ್ಲಿ ಬಹುಪಾಲು ಮಂದಿ ತಮ್ಮ ಚಿಕಿತ್ಸಾಲಯಗಳ ಬಾಗಿಲು ಮುಚ್ಚಿದರು. ಕೆಲವು ಆಸ್ಪತ್ರೆಗಳಲ್ಲಿ ಮಾತ್ರ ತುರ್ತುಚಿಕಿತ್ಸೆಗೆ ಏರ್ಪಾಡಿತ್ತು. ಆ ಮೊದಲ ದಿನವೇ, ವೈದ್ಯರನ್ನು ಹುಡುಕುತ್ತ ಊರಿಂದೂರಿಗೆ ಕಾರಿನಲ್ಲಿ ಅಲೆದ ತಂದೆತಾಯಿಗಳ ಎಳೆಯ ಕೂಸೊಂದು ದಾರಿಯಲ್ಲಿ ತೀರಿಕೊಂಡಿತು. ಬೇರೆ ದಿನವಾಗಿದ್ದರೆ ಅದು ಬದುಕುತ್ತಿತ್ತೋ ಇಲ್ಲವೋ ಹೇಳಬಲ್ಲವರಿಲ್ಲ. ‘ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು’ ಎಂಬ ಮಾತು ಮಾತ್ರ ಅಂದು ಬರಿಯ ಗಾದೆಯಾಗಿ ಉಳಿಯಲಿಲ್ಲ.

ಮುಂದಿನ ದಿನಗಳಲ್ಲಿ ಮಾತಿನ ಕಾವು ಏರುತ್ತ ಹೋಯಿತು. ಸಭೆಗಳಲ್ಲಿ ‘ಸರ್ವಾಧಿಕಾರ’, ‘ಕಮ್ಯೂನಿಸಂ’ ಎಂಬ ಪದಗಳು ಹೂವಿನಂತೆ ಉದುರಿದವು. ಪಾದ್ರಿಯೊಬ್ಬರು ರಕ್ತಪಾತದ ಮಾತನ್ನೂ ಆಡಿದರು. ಹಲವು ವರ್ಷಗಳ ನೆರೆಹೊರೆಯವರ ನಡುವೆ ಮಾತು ನಿಂತಿತು. ಶಾಸನದ ಪರವಾದವರು ಸುಮ್ಮನೆ ಕುಳಿತಿರಲಿಲ್ಲ. ತಮ್ಮತಮ್ಮಲ್ಲಿ ಹಣ ಕೂಡಿಸಿ ಸಹಕಾರಿ ಚಿಕಿತ್ಸಾಲಯಗಳನ್ನು ತೆರೆದರು. ಸಾಸ್ಕಟೂನ್ ನಗರದ ಚಿಕಿತ್ಸಾಲಯ ಜುಲೈ 3ರಂದೇ ಪ್ರಾರಂಭವಾಯಿತು. ಸರಕಾರ ಬ್ರಿಟನ್ ಮೊದಲಾದ ಕಡೆಗಳಿಂದ ವೈದ್ಯರನ್ನು ವಿಮಾನದಲ್ಲಿ ಕರೆಸಿತು. ಜುಲೈ 11ರಂದು ರಜೈನದ ಶಾಸನಸಭಾಭವನದ ಮುಂದೆ ವಿರೋಧಿಗಳ ದೊಡ್ಡ ಸಭೆ ಕೂಡಿತು. ಹತ್ತಾರು ಸಾವಿರ ಮಂದಿ ಬಂದಾರೆಂದು ಕರೆದವರು ಎಣಿಸಿದ್ದರು. ಬಂದವರು ನಾಲ್ಕೈದು ಸಾವಿರ. ವಿರೋಧಪಕ್ಷವಾದ ಲಿಬರಲ್ ಪಕ್ಷದ ನಾಯಕ ರಾಸ್ ಥ್ಯಾಚರ್ ಸಭಾಂಗಣಕ್ಕೆ ಹೋದರು. ಬಾಗಿಲಿಗೆ ಬೀಗ. ಪತ್ರಿಕೆಯವರು ನೋಡುತ್ತಿದ್ದಂತೆಯೇ ಅವರು ಬಾಗಿಲನ್ನು ಕಾಲಿನಿಂದ ಒದ್ದರು. ಆ ಚಿತ್ರ ದೇಶಕ್ಕೆಲ್ಲ ಪರಿಚಿತವಾಯಿತು. ಬಾಗಿಲು ಮಾತ್ರ ತೆರೆಯಲಿಲ್ಲ.

ಬಾಗಿಲು ತೆರೆದದ್ದು ಬೇರೊಂದು ರೀತಿಯಿಂದ. ಬ್ರಿಟನ್ನಿನ ಲಾರ್ಡ್ ಟೇಲರ್ ಎಂಬವರು ಸ್ವತಃ ವೈದ್ಯರು. ಅಲ್ಲಿನ ರಾಷ್ಟ್ರೀಯ ವೈದ್ಯಸೇವೆಯ ರಚನೆಯಲ್ಲಿ ಪಾಲುಗೊಂಡಿದ್ದ ಲೇಬರ್ ಪಕ್ಷದವರು. ಸರಕಾರದ ಕರೆಯ ಮೇಲೆ ಬಂದ ಅವರು ಸಂಭಾವನೆ ಬೇಡವೆಂದರು. ಕೆಲಸ ಮುಗಿದ ಮೇಲೆ ಉತ್ತರದ ಸರೋವರಗಳಲ್ಲಿ ಮೀನು ಹಿಡಿಯುವ ಅವಕಾಶವೊಂದು ಸಿಕ್ಕರೆ ಸಾಕೆಂದರು. ವೈದ್ಯರೂ ಮಂತ್ರಿಗಳೂ ಒಂದೇ ಕೋಣೆಯಲ್ಲಿ ಕೂರುವ ಸ್ಥಿತಿಯಲ್ಲಿರಲಿಲ್ಲ. ಟೇಲರ್ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ನಡೆದರು. ಒಬ್ಬರ ಮಾತಿನ ಮುಳ್ಳು ತೆಗೆದು ಇನ್ನೊಬ್ಬರಿಗೆ ಮುಟ್ಟಿಸಿದರು. ಬೇಕಾದಲ್ಲಿ ಎರಡು ಕಡೆಯವರನ್ನೂ ಗದರಿಸಿದರು. ಜುಲೈ 23ರಂದು ಸಾಸ್ಕಟೂನಿನಲ್ಲಿ ಒಪ್ಪಂದಕ್ಕೆ ಸಹಿ ಬಿದ್ದಿತು. ಎಲ್ಲರಿಗೂ ವಿಮೆ ಎಂಬ ತಿರುಳನ್ನು ಸರಕಾರ ಬಿಟ್ಟುಕೊಡಲಿಲ್ಲ. ಸಂಬಳದಾಳಾಗದೆ ಚಿಕಿತ್ಸೆಗೆ ತಕ್ಕ ಶುಲ್ಕ ಪಡೆಯುವ, ಬೇಡವಾದರೆ ಯೋಜನೆಯ ಹೊರಗೇ ನಿಲ್ಲುವ ಹಕ್ಕು ವೈದ್ಯರಿಗೆ ಉಳಿಯಿತು. ಇಪ್ಪತ್ತಮೂರು ದಿನಗಳಲ್ಲಿ ದೊರೆತ ಈ ಮಾತು ಮೊದಲ ದಿನವೇ ಸಿಗಬಾರದಿತ್ತೆ? ಸಿಗಬಹುದಿತ್ತು. ಆದರೆ ಅದಕ್ಕೆ ಎದುರಿನವನ ಕೈಯೂ ತನ್ನದೇ ದೇಹದ ಕೈ ಎಂಬ ಅರಿವು ಬೇಕಿತ್ತು. ಆ ಅರಿವನ್ನು ತಂದುಕೊಡಲು ಹೊರಗಿನವನೊಬ್ಬ ಬರಬೇಕಾಯಿತು.

ಇನ್ನು ಆಮೇಲಿನ ಕಥೆ. 1964ರ ಚುನಾವಣೆಯಲ್ಲಿ ಲಾಯ್ಡ್ ಅವರ ಸರಕಾರ ಸೋತಿತು. ಬಾಗಿಲು ಒದ್ದಿದ್ದ ಥ್ಯಾಚರ್ ಪ್ರಧಾನಿಯಾದರು. ಅಧಿಕಾರಕ್ಕೆ ಬಂದವರು ಆ ಶಾಸನವನ್ನು ಕಿತ್ತೆಸೆದರೇ? ಇಲ್ಲ. ಮುಂದೆ ಶುಲ್ಕವಿಷ್ಟು ಸೇರಿಸಿದರು; ತಿರುಳನ್ನು ಮುಟ್ಟಲಿಲ್ಲ. ಅಷ್ಟರಲ್ಲಿ ರೋಗಿಗಳಿಗೆ ಅದು ರೂಢಿಯಾಗಿತ್ತು. ವೈದ್ಯರಿಗೂ ಬಾಕಿಯಿಲ್ಲದೆ ಹಣ ಸಂದಾಯವಾಗಿ ಆದಾಯ ಹೆಚ್ಚಿತ್ತು. ಕೆನಡದ ಕೇಂದ್ರದಲ್ಲಿ ಕನ್ಸರ್ವೇಟಿವ್ ಪಕ್ಷದ ಪ್ರಧಾನಿ ಡೀಫನ್‌ಬೇಕರ್ ಅವರು, ವೈದ್ಯರ ಸಂಘದ ಕೋರಿಕೆಯ ಮೇಲೆಯೇ, ನ್ಯಾಯಮೂರ್ತಿ ಎಮ್ಮೆಟ್ ಹಾಲ್ ಅವರ ನೇತೃತ್ವದಲ್ಲಿ 1961ರಲ್ಲಿ ಒಂದು ಆಯೋಗವನ್ನು ನೇಮಿಸಿದ್ದರು. ಸಸ್ಕಾಚೆವಾನಿನಂಥ ಯೋಜನೆಯೇ ದೇಶಕ್ಕೆಲ್ಲ ಬೇಕೆಂದು ಆಯೋಗ 1964ರಲ್ಲಿ ವರದಿಯಿತ್ತಿತು. ಅದನ್ನು ಶಾಸನಕ್ಕಿಳಿಸಿದವರು ಲಿಬರಲ್ ಪಕ್ಷದ ಪಿಯರ್ಸನ್. ಮೊದಲು ಹೊತ್ತಿಸಿದ್ದು ಒಂದು ಪಕ್ಷ, ಎಣ್ಣೆಯೆರೆದದ್ದು ಇನ್ನೊಂದು, ಮನೆಯ ನಡುವೆ ತಂದಿರಿಸಿದ್ದು ಮೂರನೆಯದು. 1966ರ ಡಿಸೆಂಬರಿನಲ್ಲಿ ಕೆನಡದ ಪಾರ್ಲಿಮೆಂಟಿನ ಕೆಳಮನೆ ಅದನ್ನು 177ಕ್ಕೆ 2 ಮತಗಳಿಂದ ಅಂಗೀಕರಿಸಿತು. 2004ರಲ್ಲಿ ಅಲ್ಲಿನ ರಾಷ್ಟ್ರೀಯ ದೂರದರ್ಶನ ಸಂಸ್ಥೆ ನಡೆಸಿದ ಜನಮತದಲ್ಲಿ ಕೆನಡದ ಅತ್ಯಂತ ಹಿರಿಯ ವ್ಯಕ್ತಿಯೆಂದು ಟಾಮಿ ಡಗ್ಲಾಸ್ ಆಯ್ಕೆಯಾದರು. ಪೆಟ್ಟು ತಿಂದ ಲಾಯ್ಡ್ ಅವರ ಹೆಸರು ಅಷ್ಟು ಮಂದಿಯ ಬಾಯಿಗೆ ಬರಲಿಲ್ಲ. ಕೀರ್ತಿಯೂ ಕೆಲವೊಮ್ಮೆ ಪಕ್ಷಪಾತಿಯೇ.

ಕೆನಡದ ಗಡಿ ದಾಟಿ ದಕ್ಷಿಣಕ್ಕೆ ಬಂದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳು. ಅಲ್ಲಿ ಇದೇ ರೋಗ ಇನ್ನೂ ದೀರ್ಘಕಾಲ ಕಾಡಿತು. ಎಲ್ಲರಿಗೂ ಆರೋಗ್ಯವಿಮೆ ಬೇಕೆಂದು ಅಧ್ಯಕ್ಷ ಟ್ರೂಮನ್ 1945ರಲ್ಲಿಯೇ ಕೇಳಿದ್ದರು. ವೈದ್ಯರ ಸಂಘದ ವಿರೋಧದ ಮುಂದೆ ಅದು ನಡೆಯಲಿಲ್ಲ. 65 ವಯಸ್ಸು ದಾಟಿದವರಿಗೆ ಮಾತ್ರ ಸರಕಾರಿ ವಿಮೆ ಕೊಡುವ ‘ಮೆಡಿಕೇರ್’ ಶಾಸನಕ್ಕೆ ಅಧ್ಯಕ್ಷ ಜಾನ್ಸನ್ 1965ರ ಜುಲೈ 30ರಂದು ಸಹಿ ಹಾಕಿದರು. ಸ್ವಾತಂತ್ರ್ಯಕ್ಕೆ ಅದು ಕೊನೆಗಾಲವೆಂದು ಆಗಲೂ ಹಲವರು ಎಚ್ಚರಿಸಿದ್ದರು. ಬಳಿಕ 2009ರಲ್ಲಿ ಅಧ್ಯಕ್ಷ ಬರಾಕ್ ಒಬಾಮ ಉಳಿದವರಿಗೂ ವಿಮೆ ಮುಟ್ಟಿಸಲು ಹೊರಟಾಗ, ಆಗಸ್ಟ್ ತಿಂಗಳ ಊರಸಭೆಗಳಲ್ಲಿ ಜನಪ್ರತಿನಿಧಿಗಳು ಬಾಯಿ ತೆರೆಯದಂತೆ ಜನ ಕೂಗಿದರು. ಸೆಪ್ಟೆಂಬರ್ 12ರಂದು ವಾಷಿಂಗ್ಟನ್ನಿನಲ್ಲಿ ಭಾರಿ ಮೆರವಣಿಗೆ ನಡೆಯಿತು. ಆ ದಿನಗಳಲ್ಲಿ ದಕ್ಷಿಣ ಕೆರೊಲಿನದ ಒಂದು ಸಭೆಯಲ್ಲಿ ಒಬ್ಬ ಪ್ರಜೆ ಎದ್ದು, ತನ್ನ ಮೆಡಿಕೇರ್ ಮೇಲೆ ಸರಕಾರ ಕೈಹಾಕಬಾರದೆಂದು ಆಜ್ಞಾಪಿಸಿದನಂತೆ. ಮೆಡಿಕೇರ್ ಸರಕಾರದ್ದೇ ಎಂದು ಹೇಳಿದರೂ ಆತನಿಗೆ ನಂಬಿಕೆ ಬರಲಿಲ್ಲ. ಕೇಳಿದವರು ನಕ್ಕರು. ನಗುವುದು ಸುಲಭ. ಆದರೆ ಆ ಮನುಷ್ಯ ಹೆದರಿದ್ದು ಯಾವುದಕ್ಕೆ? ಕಾಯಿಲೆ ಬಿದ್ದಾಗ ಕೈಯಲ್ಲಿರುವುದೂ ಹೋದೀತೆಂದು. ಶಾಸನ ಬೇಕೆಂದು ಕೂಗಿದವರ ಹೆದರಿಕೆಯೂ ಕಾಯಿಲೆ ಬಿದ್ದಾಗ ಕೈಯಲ್ಲಿ ಏನೂ ಇರದೆಂಬುದೇ.

ಇನ್ನೂ ಒಂದು ವಿಶೇಷವುಂಟು. ಒಬಾಮ ಅವರ ಯೋಜನೆಗೆ ಬಹುಮಟ್ಟಿಗೆ ಮಾದರಿಯಾಗಿದ್ದುದು, 2006ರಲ್ಲಿ ಮಸ್ಸಚೂಸೆಟ್ಸ್ ರಾಜ್ಯದಲ್ಲಿ ರಿಪಬ್ಲಿಕನ್ ಪಕ್ಷದ ಗವರ್ನರ್ ಮಿಟ್ ರಾಮ್ನಿ ಸಹಿ ಹಾಕಿದ್ದ ಶಾಸನ. ಅಡಿಗೆ ಅದೇ; ಬಡಿಸುವ ಕೈ ಬದಲಾದದ್ದರಿಂದ ಅದು ಕಹಿಯಾಯಿತು. 2010ರ ಮಾರ್ಚ್ 21ರಂದು ಪ್ರತಿನಿಧಿಸಭೆ ಮಸೂದೆಯನ್ನು 219ಕ್ಕೆ 212 ಮತಗಳಿಂದ ಅಂಗೀಕರಿಸಿತು. ರಿಪಬ್ಲಿಕನ್ನರಲ್ಲಿ ಒಬ್ಬರೂ ಪರವಾಗಿ ಮತ ಹಾಕಲಿಲ್ಲ. ಮೊದಲೇ ಕಾಯಿಲೆಯಿದ್ದವರಿಗೆ ವಿಮೆ ನಿರಾಕರಿಸಕೂಡದೆಂದು ಆ ಶಾಸನ ವಿಧಿಸಿತು. ಅದೇ ವರ್ಷದ ನವೆಂಬರಿನಲ್ಲಿ ಒಬಾಮ ಅವರ ಪಕ್ಷ ಆ ಸಭೆಯಲ್ಲಿ 63 ಸ್ಥಾನಗಳನ್ನು ಕಳೆದುಕೊಂಡಿತು. ಮುಂದೆ ಶಾಸನವನ್ನು ತೆಗೆದುಹಾಕಲು ಸಭೆ ಹತ್ತಾರು ಸಲ ಮತ ಹಾಕಿತು. ‘ಒಬಾಮಕೇರ್’ ಎಂದು ಹೆಸರಿಟ್ಟು ಕೇಳಿದರೆ ಬೇಡವೆಂದವರಲ್ಲಿ ಹಲವರು, ಅದೇ ಶಾಸನದ ಅನುಕೂಲಗಳನ್ನು ಒಂದೊಂದಾಗಿ ಕೇಳಿದರೆ ಬೇಕೆಂದರು. ಹೆಸರು ಪಕ್ಷದ್ದು; ಅನುಕೂಲ ಮನೆಯದು.

2017 ಬಂದಿತು. ಅಧ್ಯಕ್ಷರೂ ಬದಲಾಗಿದ್ದರು; ಸಭೆಗಳೆರಡೂ ರಿಪಬ್ಲಿಕನ್ನರ ಕೈಯಲ್ಲಿದ್ದವು. ಶಾಸನವನ್ನು ರದ್ದುಮಾಡುವ ಕಾಲ ಕೂಡಿಬಂದಿತೆಂದು ಎಲ್ಲರೂ ಎಣಿಸಿದರು. ಆಗ ಊರಸಭೆಗಳು ಮತ್ತೆ ತುಂಬಿದವು. ಎಂಟು ವರ್ಷಗಳ ಹಿಂದಿನಂತೆಯೇ ಕೂಗು, ಕಣ್ಣೀರು, ಫಲಕಗಳು. ಆದರೆ ಈ ಸಲ ಬಂದವರು ಶಾಸನವನ್ನು ಉಳಿಸಿರೆಂದು ಕೇಳಿದರು. ಗಾಲಿಕುರ್ಚಿಗಳಲ್ಲಿ ಬಂದು ವಾಷಿಂಗ್ಟನ್ನಿನಲ್ಲಿ ಸತ್ಯಾಗ್ರಹ ಹೂಡಿದವರನ್ನು ಪೊಲೀಸರು ಎತ್ತಿಕೊಂಡು ಹೋದರು. ಸಭೆಯ ಬಣ್ಣ ಬದಲಾಗಿತ್ತು; ಸಭೆಗೆ ಜನರನ್ನು ಎಳೆದುತಂದ ಭಯ ಹಳೆಯದೇ.

ಜುಲೈ 28ರ ನಡುರಾತ್ರಿ ಕಳೆದ ಮೇಲೆ ಸೆನೆಟ್ ಸಭೆಯಲ್ಲಿ ಮತಗಣನೆ ನಡೆಯಿತು. ರಿಪಬ್ಲಿಕನ್ ಪಕ್ಷದ ಹಿರಿಯ ಸೆನೆಟರ್ ಜಾನ್ ಮೆಕೇನ್ ಒಳಗೆ ಬಂದರು. 2009ರಲ್ಲಿ ಈ ಶಾಸನದ ವಿರುದ್ಧ ಮತ ಹಾಕಿದ್ದವರು ಅವರು. ಮಿದುಳಿನಲ್ಲಿ ಕ್ಯಾನ್ಸರ್ ಇದೆಯೆಂದು ವೈದ್ಯರು ಹೇಳಿ ಹೆಚ್ಚು ದಿನವಾಗಿರಲಿಲ್ಲ. ಅವರು ಕೈಯನ್ನು ಮುಂದೆ ಚಾಚಿ ಹೆಬ್ಬೆಟ್ಟನ್ನು ಕೆಳಕ್ಕೆ ತಿರುಗಿಸಿದರು. 49ಕ್ಕೆ 51 ಮತಗಳಿಂದ ರದ್ದತಿಯ ಪ್ರಯತ್ನ ಬಿದ್ದುಹೋಯಿತು. ಆ ಶಾಸನ ಒಳ್ಳೆಯದೆಂದು ಅವರು ಆಗಲೂ ಹೇಳಲಿಲ್ಲ. ಇಂಥ ದೊಡ್ಡ ವಿಷಯವನ್ನು ಒಂದೇ ಪಕ್ಷ ತರಾತುರಿಯಿಂದ ತೀರ್ಮಾನಿಸುವುದು ತಪ್ಪು, ಎರಡೂ ಕಡೆಯವರು ಕುಳಿತು ಮಾತನಾಡಬೇಕು ಎಂಬುದು ಅವರ ನಿಲುವು. ಒಂದು ವರ್ಷದ ತರುವಾಯ ಅವರು ತೀರಿಕೊಂಡರು.

ಎಲ್ಲರೂ ಒಪ್ಪುವವರೆಗೆ ಲಾಯ್ಡ್ ಕಾದಿದ್ದರೆ ಸಸ್ಕಾಚೆವಾನಿನ ಶಾಸನ ಇಂದಿಗೂ ಕಡತದಲ್ಲಿಯೇ ಇರುತ್ತಿತ್ತೇನೋ. ಇಂಥ ಕಾರ್ಯಗಳಲ್ಲಿ ಒಪ್ಪಿಗೆ ಮೊದಲು ಬರುವುದು ಅಪೂರ್ವ. ಅನುಭವವಾದ ಮೇಲೆ, ನಿಧಾನವಾಗಿ ಬರುತ್ತದೆ. ಅಲ್ಲಿಯವರೆಗೆ ಒಂದು ಪಕ್ಷ ಹಟ ಹಿಡಿಯಬೇಕಾದೀತು, ಇನ್ನೊಂದು ವಿರೋಧಿಸಬೇಕಾದೀತು. ಪ್ರಜಾಪ್ರಭುತ್ವದಲ್ಲಿ ಅದು ದೋಷವಲ್ಲ. ಆದರೆ ಹಟದ ನಡುವೆಯೂ ಎದುರಿನವನ ಅಂಜಿಕೆಯನ್ನು ಕೇಳಿಸಿಕೊಳ್ಳುವ ಕಿವಿಯೊಂದು ತೆರೆದಿರಬೇಕು. ಟೇಲರ್ ಎರಡು ಕೋಣೆಗಳ ನಡುವೆ ನಡೆದದ್ದು ಅಷ್ಟಕ್ಕಾಗಿಯೇ.

ಪಕ್ಷವಾತಕ್ಕೆ ಒಂದೇ ದಿನದಲ್ಲಿ ಗುಣಕೊಡುವ ಮದ್ದಿಲ್ಲವೆಂದು ಬಲ್ಲವರು ಹೇಳುತ್ತಾರೆ. ಮನೆಯವರು ದಿನವೂ ಬಿದ್ದ ಕೈಯನ್ನು ಎತ್ತಿ, ಇಳಿಸಿ, ಬೆರಳುಗಳನ್ನು ಬಿಡಿಸಿ, ಅದು ಇನ್ನೊಬ್ಬರದಲ್ಲವೆಂದು ರೋಗಿಗೆ ತಾಳ್ಮೆಯಿಂದ ನೆನಪುಮಾಡಿಕೊಡುತ್ತಿರಬೇಕಂತೆ. ಕೆಲವರಲ್ಲಿ ಸಂವೇದನೆ ಬೇಗ ಮರಳುತ್ತದೆ. ಕೆಲವರಲ್ಲಿ ವರ್ಷಗಳೇ ಬೇಕಾಗುತ್ತವೆ. ಸಸ್ಕಾಚೆವಾನಿನ ಬಯಲಿನಲ್ಲಿ ಇಪ್ಪತ್ತಮೂರು ದಿನಗಳ ಮೇಲೆ ಬೆರಳೊಂದು ಅಲುಗಿತು.